ದೇವರಿಗೆ ಬಿಟ್ಟುಬಿಡು ಅಂತಾರೆ, ಏನನ್ನು ಬಿಡಬೇಕು?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಹುಬ್ಬಳ್ಳಿಯವಳು, ವಯಸ್ಸು 54. ಒಬ್ಬಳೇ ಮಗಳು. ಅವಳಿಗೆ 28, ಸ್ಟಾಫ್ ನರ್ಸ್. ಜರ್ಮನಿಗೆ ಹೋಗಬೇಕು ಅಂತ ಡ್ಯೂಟಿ ಮುಗಿಸಿ ಬಂದು ರಾತ್ರಿ ಹನ್ನೊಂದರವರೆಗೆ ಜರ್ಮನ್ ಓದುತ್ತಾಳೆ. ನನಗೆ ಅವಳ ಮದುವೆಯದೇ ಚಿಂತೆ. ಈ ನಡುವೆ ನಮ್ಮ ಸಭೆಯವರ ಪರಿಚಯದಲ್ಲೇ ಒಳ್ಳೆಯ ಸಂಬಂಧ ಬಂತು. ಅವಳನ್ನು ಕೇಳದೆ ನಾನು ‘ನಮಗೆ ಒಪ್ಪಿಗೆ’ ಅಂದುಬಿಟ್ಟಿದ್ದೇನೆ. ಅವಳಿಗೆ ಇನ್ನೂ ಗೊತ್ತಿಲ್ಲ. ಕಳೆದ ಭಾನುವಾರದ ಪ್ರಸಂಗದಲ್ಲಿ ಪಾಸ್ಟರ್, ‘ಎಲ್ಲವನ್ನೂ ನಿಮ್ಮ ಕೈಯಲ್ಲೇ ಹಿಡಿದುಕೊಳ್ಳಬೇಡಿ, ದೇವರ ಯೋಜನೆಗೆ ಬಿಟ್ಟುಬಿಡಿ’ ಅಂದರು. ಅವತ್ತಿಂದ ನಿದ್ದೆ ಇಲ್ಲ. ನಮ್ಮ ಯಜಮಾನರೂ ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ’ ಅಂತ ಹೇಳಿ ಟಿವಿ ಮುಂದೆ ಕೂರುತ್ತಾರೆ. ಆದರೆ ಈ ಮನೆ ಇಷ್ಟು ದೂರ ಬಂದಿದ್ದೇ ನಾನು ಓಡಾಡಿದ್ದರಿಂದ. ನಾನೂ ಬಿಟ್ಟು ಕೂತಿದ್ದರೆ ಸೈಟೂ ಇಲ್ಲ, ಮಗಳ ನರ್ಸಿಂಗೂ ಇಲ್ಲ. ಬಿಟ್ಟುಬಿಡುವುದು ಅಂದರೆ ನಿಜವಾಗಿ ಏನನ್ನು ಬಿಡಬೇಕು?

ಉತ್ತರ: ತಂಗೀ, ನಿಮ್ಮ ಪತ್ರದ ಕೊನೆಯ ಸಾಲು ನನಗೆ ಬಹಳ ಹಿಡಿಸಿತು. 32 ವರ್ಷ ಸಭೆಗಳಲ್ಲಿ ಪ್ರಸಂಗ ಮಾಡಿದವನು ನಾನು. ‘ದೇವರಿಗೆ ಬಿಟ್ಟುಬಿಡಿ’ ಅಂತ ನಾನೂ ನೂರಾರು ಸಲ ಹೇಳಿರಬೇಕು. ಏನನ್ನು ಬಿಡಬೇಕು ಅಂತ ಒಬ್ಬರೂ ಎದ್ದು ಕೇಳಲಿಲ್ಲ. ಕೇಳಿದ್ದರೆ ನಾನು ಪೇಚಿಗೆ ಸಿಕ್ಕುತ್ತಿದ್ದೆ.

ಮೊದಲು ನಿಮ್ಮ ಓಡಾಟದ ಮಾತು. ಸೈಟಿಗೆ ಕಂತು ಕಟ್ಟಿದ್ದು, ಮಗಳ ಫೀಸ್ ಹೊಂದಿಸಿದ್ದು, ಇದರಲ್ಲಿ ಅಪನಂಬಿಕೆ ಏನೂ ಇಲ್ಲ. ಅದಕ್ಕಾಗಿ ಪಶ್ಚಾತ್ತಾಪ ಪಡಲು ಹೋಗಬೇಡಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಯೇಸುವೇ ಕೇಳಿದ್ದಾರೆ, ಲೂಕ 14ರಲ್ಲಿ. ಪರ್ಷಿಯಾದ ಅರಸನ ಪಾನಸೇವಕನಾಗಿದ್ದ ನೆಹೆಮೀಯನನ್ನು ನೋಡಿ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಸುದ್ದಿ ಬಂದಾಗ ಅವನು ಅತ್ತ, ಉಪವಾಸ ಮಾಡಿದ, ಸುಮಾರು ನಾಲ್ಕು ತಿಂಗಳು ಪ್ರಾರ್ಥನೆ ಮಾಡಿದ. ಆಮೇಲೆ ಒಂದು ದಿನ ಅರಸ ‘ನಿನಗೆ ಏನು ಬೇಕು’ ಅಂದಾಗ ತಡವರಿಸಲಿಲ್ಲ. ಎಷ್ಟು ದಿನ ರಜೆ ಬೇಕು, ದಾರಿಯ ಅಧಿಪತಿಗಳಿಗೆ ಯಾವ ಪತ್ರ ಬೇಕು, ಮರಮುಟ್ಟು ಯಾರಿಂದ ಬರಬೇಕು, ಎಲ್ಲ ಬಾಯಲ್ಲೇ ಇತ್ತು. ಅಂದರೆ ಆ ನಾಲ್ಕು ತಿಂಗಳು ಅವನು ಪ್ರಾರ್ಥನೆಯ ಜೊತೆಗೆ ಲೆಕ್ಕವನ್ನೂ ಹಾಕಿದ್ದ. ಮುಂದೆ ಶತ್ರುಗಳು ಬೆದರಿಸಿದಾಗ ದೇವರಿಗೆ ಪ್ರಾರ್ಥನೆ ಮಾಡಿ ಹಗಲೂ ರಾತ್ರಿ ಕಾವಲು ಇಟ್ಟರು ಅಂತ ಒಂದೇ ವಚನದಲ್ಲಿ ಇದೆ. ಗೋಡೆ ಮುಗಿದದ್ದು 52 ದಿನಕ್ಕೆ.

ಈ ಭಾಗವನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಕೈಕಟ್ಟಿ ಕೂರುವುದಕ್ಕೆ ನಂಬಿಕೆ ಅಂತ ಹೆಸರು ಇಟ್ಟರೆ ಅದು ನಂಬಿಕೆ ಆಗುವುದಿಲ್ಲ. ದೇವಾಲಯದ ತುದಿಯಲ್ಲಿ ನಿಲ್ಲಿಸಿ ‘ಕೆಳಗೆ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ’ ಅಂತ ಯೇಸುವಿಗೆ ಹೇಳಿದವನು ಸೈತಾನ. ಅದೂ 91ನೇ ಕೀರ್ತನೆಯ ವಚನ ಹೇಳಿಯೇ. ಮೆಟ್ಟಿಲು ಇರುವಾಗ ಧುಮುಕುವುದು ದೇವರನ್ನು ಪರೀಕ್ಷೆ ಮಾಡಿದ ಹಾಗೆ ಅಂತ ಯೇಸು ಒಪ್ಪಲಿಲ್ಲ. ಇನ್ನೊಂದು ಮಾತು. ಒಂದು ಮನೆಯಲ್ಲಿ ಒಬ್ಬರು ಎಲ್ಲವನ್ನೂ ಹಿಡಿದುಕೊಂಡಿದ್ದಾರೆ ಅಂದರೆ, ಸಾಮಾನ್ಯವಾಗಿ ಇನ್ನೊಬ್ಬರು ಬಹಳ ಹಿಂದೆಯೇ ಕೈಬಿಟ್ಟಿರುತ್ತಾರೆ. ನಿಮ್ಮ ಸ್ವಭಾವವೇ ಹಾಗೆ ಅಂತ ಊರೆಲ್ಲ ಅನ್ನಬಹುದು. ನನಗೆ ಹಾಗೆ ಅನಿಸಲಿಲ್ಲ.

ಇಷ್ಟು ನಿಮ್ಮ ಪರವಾಗಿ. ಈಗ ಆ ಒಪ್ಪಿಗೆಯ ವಿಷಯಕ್ಕೆ ಬರೋಣ. ನಿಮ್ಮ ನಿದ್ದೆ ಕೆಡಿಸಿದ್ದು ಸೈಟಲ್ಲ, ಅದು. ಅಲ್ವಾ?

ಮದುವೆ ಮಾತುಕತೆಗೆ ಇಡೀ ಸತ್ಯವೇದದಲ್ಲಿ ಆದಿಕಾಂಡ 24ರಷ್ಟು ಉದ್ದದ ಅಧ್ಯಾಯ ಇನ್ನೊಂದಿಲ್ಲ. 67 ವಚನ. ಅಬ್ರಹಾಮ ತನ್ನ ಮಗ ಇಸಾಕನಿಗೆ ಹೆಣ್ಣು ನೋಡಲು ಮನೆಯ ಹಿರಿಯ ಸೇವಕನನ್ನು ದೂರದ ತನ್ನ ನಾಡಿಗೆ ಕಳಿಸುತ್ತಾನೆ. ಸೇವಕ ವ್ಯವಹಾರ ಗೊತ್ತಿದ್ದವನು. ಹೊರಡುವ ಮುಂಚೆಯೇ ಕೇಳುತ್ತಾನೆ, ‘ಹುಡುಗಿ ಬರಲು ಒಪ್ಪದಿದ್ದರೆ ಏನು ಮಾಡಲಿ?’ ಅಬ್ರಹಾಮನ ಉತ್ತರ ನೋಡಿ. ಅವಳಿಗೆ ಮನಸ್ಸಿಲ್ಲದಿದ್ದರೆ ನೀನು ಈ ಪ್ರಮಾಣದಿಂದ ಬಿಡುಗಡೆಯಾದೆ. ದೇವರು ತನ್ನ ದೂತನನ್ನು ನಿನ್ನ ಮುಂದೆ ಕಳಿಸುತ್ತಾನೆ ಅಂತ ಹೇಳಿದ ಬಾಯಲ್ಲೇ ಅಬ್ರಹಾಮ ಇದನ್ನೂ ಹೇಳುತ್ತಾನೆ. ದೇವರ ಯೋಜನೆಯ ಮೇಲೆ ಅಷ್ಟು ಭರವಸೆ ಇದ್ದವನು ಹುಡುಗಿಯ ‘ಇಲ್ಲ’ಕ್ಕೂ ಜಾಗ ಬಿಟ್ಟಿದ್ದ.

ಸೇವಕ ಹತ್ತು ಒಂಟೆ ಕಟ್ಟಿಕೊಂಡು ಹೊರಟ, ಒಡವೆ ಉಡುಗೊರೆ ಎಲ್ಲ ಹೇರಿಕೊಂಡು. ಬರಿಗೈಯಲ್ಲಿ ಹೋಗಲಿಲ್ಲ. ಹೆಂಗಸರು ನೀರಿಗೆ ಬರುವ ಸಂಜೆ ಹೊತ್ತನ್ನೇ ನೋಡಿ ಬಾವಿಯ ಹತ್ತಿರ ನಿಂತ. ಅಲ್ಲಿ, ‘ನನಗೂ ನನ್ನ ಒಂಟೆಗಳಿಗೂ ನೀರು ಕೊಡುವವಳೇ ಆ ಹುಡುಗಿಯಾಗಿರಲಿ’ ಅಂತ ಪ್ರಾರ್ಥನೆ ಮಾಡಿದ. ಪ್ರಾರ್ಥನೆ ಮುಗಿಯುವ ಮೊದಲೇ ರೆಬೆಕ್ಕ ಬಂದಳು. ಅವನಿಗೂ ಕೊಟ್ಟಳು, ಒಂಟೆಗಳಿಗೂ ನೀರು ಸೇದಿದಳು. ಆಗ ಅವನು ಏನು ಮಾಡಿದ ಗೊತ್ತಾ? ಮಾತಾಡದೆ ಅವಳನ್ನೇ ನೋಡುತ್ತಾ ನಿಂತ. ಕೇಳಿದ್ದೆಲ್ಲ ಕಣ್ಣ ಮುಂದೆ ಆಗುತ್ತಿದ್ದರೂ ಹಾರಿ ಬೀಳಲಿಲ್ಲ. ಈ 21ನೇ ವಚನದ ಮೇಲೆ ನಾನು ಎಷ್ಟೋ ವರ್ಷ ಕಣ್ಣೇ ಹಾಯಿಸಿರಲಿಲ್ಲ.

ಮುಂದೆ ರೆಬೆಕ್ಕಳ ಅಣ್ಣ ಲಾಬಾನನೂ ತಂದೆ ಬೆತೂವೇಲನೂ ಸೇರಿ ಹುಡುಗಿಯನ್ನು ಕೇಳದೆ ‘ಆಯಿತು, ಕರೆದುಕೊಂಡು ಹೋಗು’ ಅಂದುಬಿಟ್ಟರು. ನಿಮ್ಮ ಹಾಗೆಯೇ. ಆದರೆ ಮಾರನೇ ದಿನ ಹೊರಡುವ ಮಾತು ಬಂದಾಗ, ‘ಹುಡುಗಿಯನ್ನೇ ಕರೆದು ಕೇಳೋಣ’ ಅಂದರು. ಕರೆದು ಕೇಳಿದರು, ‘ಈ ಮನುಷ್ಯನ ಜೊತೆ ಹೋಗುತ್ತೀಯಾ?’ ಅವಳು ‘ಹೋಗುತ್ತೇನೆ’ ಅಂದಳು. ಯಾವಾಗ ಹೊರಡುವುದು ಅಂತಷ್ಟೇ ಕೇಳಿದ್ದು, ಮದುವೆಗೆ ಒಪ್ಪಿಗೆ ಕೇಳಿದ್ದಲ್ಲ ಅಂತ ವಾದಿಸುವವರಿದ್ದಾರೆ. ಇರಬಹುದು. ಆದರೆ ಅಬ್ರಹಾಮನ ಮಾತನ್ನು ಅವರೂ ತೆಗೆದು ಹಾಕುವ ಹಾಗಿಲ್ಲ. ದೇವರೇ ಕೂಡಿಸಿದ್ದು ಅಂತ ಎಲ್ಲರೂ ಒಪ್ಪಿದ ಸಂಬಂಧದಲ್ಲೂ ಆ ಹುಡುಗಿಯ ಬಾಯಿಂದ ಒಂದು ಮಾತು ಬರಬೇಕಿತ್ತು.

ಇದೇ ರೆಬೆಕ್ಕ ಮುಂದೆ ತಾಯಿಯಾದಳು. ನಾನು ನಿಮಗೆ ಹೇಳಬೇಕೆಂದಿರುವುದು ಈ ಎರಡನೇ ರೆಬೆಕ್ಕಳ ಕಥೆ.

ಹೊಟ್ಟೆಯಲ್ಲಿ ಅವಳಿ ಮಕ್ಕಳು ನೂಕಾಡುತ್ತಿದ್ದಾಗ ಅವಳು ಸೀದಾ ದೇವರನ್ನೇ ಕೇಳಿದಳು. ಹಿರಿಯವನು ಕಿರಿಯವನಿಗೆ ಸೇವೆ ಮಾಡುವನು ಅಂತ ಉತ್ತರ ಬಂತು. ಅಂದರೆ ದೇವರ ಯೋಜನೆ ಅವಳಿಗೆ ಗೊತ್ತಿತ್ತು, ನಮಗೆ ನಿಮಗೆ ಗೊತ್ತಿರುವುದಕ್ಕಿಂತ ಚೆನ್ನಾಗಿ. ಎಷ್ಟೋ ವರ್ಷ ಕಳೆದ ಮೇಲೆ ಮುದಿ ಇಸಾಕ ಕಣ್ಣು ಕಾಣದೆ ಮಲಗಿದ್ದಾನೆ, ಹಿರಿಯ ಮಗ ಏಸಾವನಿಗೆ ಆಶೀರ್ವಾದ ಕೊಡಲು ಹೊರಟಿದ್ದಾನೆ. ರೆಬೆಕ್ಕ ಇದನ್ನು ಕೇಳಿಸಿಕೊಂಡಳು. ಗಂಡ ದೇವರ ಮಾತಿಗೆ ವಿರುದ್ಧ ಹೋಗುತ್ತಿದ್ದಾನೆ, ಸುಮ್ನೆ ಕೂತರೆ ಎಲ್ಲ ಕೈತಪ್ಪುತ್ತದೆ ಅನಿಸಿತು. ಎರಡು ಆಡಿನ ಮರಿ ತರಿಸಿ ಅಡುಗೆ ಮಾಡಿದಳು. ಏಸಾವನ ಬಟ್ಟೆಯನ್ನು ಕಿರಿಯ ಮಗ ಯಾಕೋಬನಿಗೆ ತೊಡಿಸಿದಳು. ಕೈಗೆ, ಕೊರಳಿಗೆ ಆಡಿನ ಚರ್ಮ ಸುತ್ತಿದಳು. ‘ಸಿಕ್ಕಿಬಿದ್ದರೆ ಶಾಪ ಬರುತ್ತದಲ್ಲ’ ಅಂತ ಮಗ ಹೆದರಿದಾಗ, ‘ಆ ಶಾಪ ನನಗೆ ಬರಲಿ’ ಅಂದಳು. ಇದು ಅಪ್ಪಟ ತಾಯಿಯ ಮಾತು. ಇದನ್ನು ಓದುವಾಗ ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಅವಳ ಪರವಾಗಿ ವಾದಿಸುವವರೂ ಇದ್ದಾರೆ. ದೇವರು ಹೇಳಿದ್ದನ್ನೇ ಅಲ್ವಾ ಅವಳು ನಡೆಸಿಕೊಟ್ಟದ್ದು, ತಪ್ಪು ಇಸಾಕನದು ಅಂತ. ಇಸಾಕನ ತಪ್ಪೂ ಇತ್ತು, ಒಪ್ಪುತ್ತೇನೆ. ಆದರೆ ಅವಳು ಗಂಡನ ಹತ್ತಿರ ಹೋಗಿ ‘ನೀವು ಮಾಡುತ್ತಿರುವುದು ಸರಿಯಲ್ಲ, ದೇವರು ನನಗೆ ಹೀಗೆ ಹೇಳಿದ್ದ’ ಅಂತ ಒಂದು ಮಾತು ಆಡಿದ್ದು ಎಲ್ಲೂ ಬರೆದಿಲ್ಲ. ಆ ಇಡೀ ಅಧ್ಯಾಯದಲ್ಲಿ ಮನೆಯ ನಾಲ್ಕೂ ಜನ ಒಟ್ಟಿಗೆ ಕೂತು ಮಾತಾಡುವುದೇ ಇಲ್ಲ. ಇಬ್ಬರಿಬ್ಬರೇ, ಗುಟ್ಟಾಗಿ.

ಆಮೇಲೆ ಆದದ್ದು ನೋಡಿ. ಏಸಾವ ಗೋಳಾಡಿ ಅತ್ತ, ‘ಅಪ್ಪಾ, ನಿನ್ನ ಹತ್ತಿರ ಇರುವುದು ಒಂದೇ ಆಶೀರ್ವಾದವಾ?’ ಅಂತ ಕೇಳಿದ. ಅವನೂ ಅವಳು ಹೆತ್ತ ಮಗನೇ. ಅವನು ಯಾಕೋಬನನ್ನು ಕೊಲ್ಲಲು ಹೊರಟಾಗ ರೆಬೆಕ್ಕ ಯಾಕೋಬನನ್ನು ತನ್ನ ಅಣ್ಣ ಲಾಬಾನನ ಮನೆಗೆ ಕಳಿಸಿದಳು. ‘ಸ್ವಲ್ಪ ದಿನ ಅಲ್ಲಿರು, ಕರೆಸಿಕೊಳ್ಳುತ್ತೇನೆ’ ಅಂದಳು. ಆ ಸ್ವಲ್ಪ ದಿನ 20 ವರ್ಷವಾಯಿತು. ತಾಯಿ ಮಗ ಮತ್ತೆ ಮುಖ ನೋಡಿದ್ದು ಎಲ್ಲೂ ಬರೆದಿಲ್ಲ. ಸಾಯುವ ಹಾಗಿದ್ದ ಇಸಾಕ ಯಾಕೋಬ ಮರಳಿ ಬರುವಾಗಲೂ ಬದುಕಿದ್ದ! ಅವಳು ಅಷ್ಟು ಅವಸರ ಮಾಡಿದ್ದು ಯಾವುದಕ್ಕೆ? ರೆಬೆಕ್ಕಳ ದಾದಿ ದೆಬೋರ ಸತ್ತದ್ದು, ಅವಳನ್ನು ಬೇತೇಲಿನ ಹತ್ತಿರ ಮರದ ಕೆಳಗೆ ಹೂಣಿಟ್ಟದ್ದು ಆದಿಕಾಂಡ 35ರಲ್ಲಿ ಇದೆ. ರೆಬೆಕ್ಕ ಸತ್ತ ಸುದ್ದಿ ಮಾತ್ರ ಇಲ್ಲ. ಎಲ್ಲಿ ಹೂಣಿಟ್ಟರು ಅಂತ ಕೊನೆಯಲ್ಲಿ ಯಾಕೋಬನ ಮಾತಿನಲ್ಲಿ ಒಂದು ಸಾಲು ಬರುತ್ತದೆ, ಅಷ್ಟೇ.

ಹಾಗಂತ ದೇವರ ಯೋಜನೆ ಕೆಟ್ಟಿತಾ? ಇಲ್ಲ. ಯಾಕೋಬನಿಂದಲೇ ಇಸ್ರಾಯೇಲ್ ಬಂತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತ ನಮ್ಮವರು ಹೇಳುವುದು ಕೈಗೂಡದ ಕೆಲಸಕ್ಕೆ. ಇಲ್ಲಿ ಅವಳು ಬಗೆದದ್ದೂ ದೇವರು ಬಗೆದದ್ದೂ ಒಂದೇ ಆಗಿತ್ತು. ಆದರೂ ಮನೆ ಒಡೆಯಿತು. ನಾವು ಕೈ ಹಾಕಿದರೆ ದೇವರ ಕೆಲಸ ನಿಂತುಬಿಡುತ್ತದೆ ಅಂತ ನಾನು ಹೆದರಿಸುವುದಿಲ್ಲ. ದೇವರು ಅಷ್ಟು ಬಡವನಲ್ಲ. ಆದರೆ ನಮ್ಮ ಅವಸರಕ್ಕೆ ಒಂದು ಬೆಲೆ ಇರುತ್ತದೆ. ಅದನ್ನು ಬಹಳ ಸಲ ಕಟ್ಟುವವರು ಬೇರೆಯವರು. ಅಬ್ರಹಾಮನ ಹೆಂಡತಿ ಸಾರಳು ಮಗುವಿಗಾಗಿ ಹತ್ತು ವರ್ಷ ಕಾದು ಸಾಕಾಗಿ ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು. ಕೊನೆಗೆ ಮಗುವಿನ ಜೊತೆ ಅಡವಿಯಲ್ಲಿ ನೀರಿಲ್ಲದೆ ಕೂತವಳು ಹಾಗರಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಹಾಗಾಗಿ ‘ನಾನು ಇಲ್ಲಿ ಮಿತಿಮೀರಿ ಹೋಗುತ್ತಿದ್ದೇನಾ’ ಅಂತ ಅನುಮಾನ ಬಂದಾಗಲೆಲ್ಲ ನಾನು ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದನ್ನು ಯಾರಿಂದ ಮುಚ್ಚಿಡುತ್ತಿದ್ದೇನೆ? ನೆಹೆಮೀಯ ಅರಸನ ಮುಂದೆ ಬಾಯಿಬಿಟ್ಟು ಕೇಳಿದ. ಆ ಸೇವಕ ಹುಡುಗಿಯ ಮನೆಯವರ ಮುಂದೆ ಬಂದ ಕೆಲಸ ಹೇಳುವವರೆಗೆ ಊಟಕ್ಕೇ ಕೂರಲಿಲ್ಲ. ರೆಬೆಕ್ಕ ಮುಚ್ಚಿಟ್ಟಳು. ನೀವು ಸೈಟಿನ ವಿಷಯವನ್ನು ಮನೆಯಲ್ಲಿ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ ಅಂದುಕೊಳ್ಳುತ್ತೇನೆ. ಈ ಒಪ್ಪಿಗೆಯನ್ನು ಮುಚ್ಚಿಟ್ಟಿದ್ದೀರಿ. ವ್ಯತ್ಯಾಸ ನಿಮಗೇ ಗೊತ್ತಿದೆ, ಅದಕ್ಕೇ ನಿದ್ದೆ ಬರುತ್ತಿಲ್ಲ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೋಧನೆ ಮಾತ್ರ ಆದೀತು. ನನ್ನ ದೊಡ್ಡ ಮಗ ಸಭಾಪಾಲಕನಾಗಬೇಕು ಅಂತ ನನಗೆ ಆಸೆ ಇತ್ತು. ದೇವರ ಚಿತ್ತವೇ ಅದು ಅಂತ ನಂಬಿದ್ದೆ. ಅವನಿಗೆ ತಿಳಿಸದೆ ಒಂದು ಸೆಮಿನರಿಯ ಅರ್ಜಿ ನಾನೇ ತುಂಬಿ, ಸಹಿ ಹಾಕುವಾಗಷ್ಟೇ ಅವನನ್ನು ಕರೆದೆ. ಹೋದ. ಎಂಟು ತಿಂಗಳಿಗೆ ಬಿಟ್ಟು ಬಂದ. ಆಮೇಲೆ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಅವನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾನೆ, ಭಾನುವಾರ ಸಂಡೇ ಸ್ಕೂಲಿನಲ್ಲೂ ಕಲಿಸುತ್ತಾನೆ, ಚೆನ್ನಾಗಿದ್ದಾನೆ. ಆದರೆ ನಾನು ಅವನಿಗೆ ಫೋನ್ ಮಾಡಿದರೆ ಇವತ್ತಿಗೂ ಅವನ ಮೊದಲ ಮಾತು ‘ಏನಪ್ಪಾ, ಏನಾಗಬೇಕಿತ್ತು?’ ಅಂತ.

ಯೆರೆಮೀಯ 29:11ರ ಬಗ್ಗೆ ಒಂದು ಮಾತು. ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಇದ್ದೇ ಇರುತ್ತದೆ. ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆಗಳು ನನಗೆ ಗೊತ್ತು, ಅವು ಕೇಡಿನವಲ್ಲ ಅನ್ನುವ ವಚನ. ಯೋಜನೆ ಅಂದ ಕೂಡಲೇ ನಾವು ಇದನ್ನು ನಮ್ಮ ನೆಂಟಸ್ತಿಕೆಗೆ, ನಮ್ಮ ವೀಸಾಕ್ಕೆ ಅಂಟಿಸುತ್ತೇವೆ. ಮೂಲದಲ್ಲಿ ಅದು ಪ್ರವಾದಿ ಯೆರೆಮೀಯ ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಬರೆದ ಕಾಗದ. ಆಗ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹೇಳಿಕೊಂಡು ತಿರುಗುತ್ತಿದ್ದ. ಜನಕ್ಕೆ ಅದು ಹಿತವಾಗಿತ್ತು. ಯೆರೆಮೀಯ 70 ವರ್ಷ ಅಂತ ಬರೆದ. ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವಂತಿರಲಿಲ್ಲ. ಹಾಗಾದರೆ ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಫಲ ತಿನ್ನಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಅಂತಲೂ ಆರನೇ ವಚನದಲ್ಲಿದೆ. ನಿಮಗೆ ಖುಷಿಯಾಗುತ್ತದೆ ಅಂತ ಗೊತ್ತು. ಆದರೆ ಪರದೇಶದಲ್ಲೂ ದೇವರು ಇದ್ದಾನೆ ಅನ್ನುವುದು ಅದೇ ಕಾಗದದ ಮುಖ್ಯ ಸುದ್ದಿ. ಅದನ್ನು ಬಿಟ್ಟು ಆರನೇ ವಚನ ಮಾತ್ರ ಆರಿಸಿಕೊಳ್ಳಲು ನಿಮ್ಮನ್ನು ಬಿಡುವುದಿಲ್ಲ.

ಜರ್ಮನಿ ಅಂದಾಗ ನನಗೆ ನೆನಪಾಗುವುದು ಧಾರವಾಡ. 1853ರಲ್ಲಿ ಬಾಸೆಲ್ ಮಿಷನ್ ಕಳಿಸಿದ 21 ವರ್ಷದ ಫರ್ಡಿನಾಂಡ್ ಕಿಟೆಲ್ ಆ ದೇಶ ಬಿಟ್ಟು ಇಲ್ಲಿಗೆ ಬಂದರು. ಅವರು ರಚಿಸಿದ ನಮ್ಮ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರು ಹಡಗು ಹತ್ತಿದಾಗ ಮನೆಯವರಿಗೆ ಎಷ್ಟು ಸಂಕಟ ಆಗಿರಬೇಕು. ಆಗ ಅಲ್ಲಿಂದ ಇಲ್ಲಿಗೆ, ಈಗ ಇಲ್ಲಿಂದ ಅಲ್ಲಿಗೆ.

ಇನ್ನೊಂದು ಘಟನೆ ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುತ್ತದೆ. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿ, ಸತ್ಯವೇದವನ್ನು ನಮ್ಮ ಭಾಷೆಗಳಿಗೆ ಅನುವಾದಿಸುತ್ತಿದ್ದ ಮಿಷನರಿ ವಿಲಿಯಂ ಕೇರಿ ಅವರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವರ್ಷಗಳ ಹಸ್ತಪ್ರತಿ ಸುಟ್ಟುಹೋಯಿತು. ಕನ್ನಡದ ಹೊಸ ಒಡಂಬಡಿಕೆಯೂ ಅದರಲ್ಲಿತ್ತು. ದೇವರ ವಾಕ್ಯವನ್ನೇ ದೇವರು ಯಾಕೆ ಸುಡಲು ಬಿಟ್ಟ? ನನ್ನ ಹತ್ತಿರ ಉತ್ತರ ಇಲ್ಲ, ‘ಅದೂ ಅವನ ಯೋಜನೆ’ ಅಂತ ಸುಲಭದ ಮಾತು ಹೇಳಲಾರೆ. ಕೇರಿ ಮತ್ತು ಅವರ ಜೊತೆಗಾರರು ಬೂದಿಯಲ್ಲಿ ಕರಗಿ ಬಿದ್ದಿದ್ದ ಲೋಹ ಹೆಕ್ಕಿ ಮತ್ತೆ ಅಚ್ಚಿನ ಮೊಳೆ ಎರಕ ಹೊಯ್ದರು, ಮತ್ತೆ ಮೊದಲಿಂದ ಬರೆಯಲು ಕೂತರು. ನೀವು ಕೇಳಿದ ‘ಏನನ್ನು ಬಿಡಬೇಕು’ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇಲ್ಲೇ ಎಲ್ಲೋ ಇದೆ. ಸುಟ್ಟುಹೋದದ್ದನ್ನು ಬಿಟ್ಟರು. ಕೆಲಸ ಬಿಡಲಿಲ್ಲ.

ನಿಮ್ಮ ಕೆಲಸ ಏನು ಅಂತ ನೋಡೋಣ. ಮಗಳ ಮದುವೆಗಾಗಿ ಪ್ರಾರ್ಥಿಸಿ, ಮುಚ್ಚುಮರೆ ಇಲ್ಲದೆ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ‘ನಿನ್ನ ಚಿತ್ತದಂತೆ ಆಗಲಿ’ ಅನ್ನುವ ಮೊದಲು ತನಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳಿದರು. ಒಂದೇ ಪ್ರಾರ್ಥನೆಯನ್ನು ಮೂರು ಸಲ. ಸೀದಾ ಶರಣಾಗತಿಗೆ ಹಾರುವ ಪ್ರಾರ್ಥನೆಯಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ‘ದೇವರೇ, ಇವಳು ದೂರ ಹೋದರೆ ನಾನು ಈ ಮನೆಯಲ್ಲಿ ಒಬ್ಬಳೇ ಆಗಿಬಿಡುತ್ತೇನೆ’ ಅನ್ನುವುದು ನಿಮ್ಮ ಎದೆಯಲ್ಲಿದ್ದರೆ ಅದನ್ನೇ ಹೇಳಿ. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಆದರೆ ನನಗೆ ಕೇಳಿಸಿತು.

ನಿಮ್ಮ ಓಡಾಟದ ಬುದ್ಧಿಯನ್ನು ಮಗಳ ಕೆಲಸಕ್ಕೂ ಕೊಡಿ, ಅವಳು ಬೇಕು ಅಂದರೆ. ಏಜೆಂಟ್ ಮೂಲಕ ಹೋಗುತ್ತಿದ್ದರೆ ಆ ಏಜೆನ್ಸಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ. ಕೆಲಸದ ಕರಾರನ್ನು ಸಹಿಗೆ ಮುಂಚೆ ಪೂರ್ತಿ ಓದಿಸಿ. ಅಲ್ಲಿ ನರ್ಸ್ ಅಂತ ಪೂರ್ತಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಕೇಳುತ್ತಾರೆ. ಅದು ಸುಲಭದ್ದಲ್ಲ. ಡ್ಯೂಟಿ ಮುಗಿಸಿ ಬಂದು ಓದುವ ಹುಡುಗಿಗೆ ಒಂದು ಲೋಟ ಹಾಲು ಕೊಟ್ಟು ಹೋಗುವುದೂ ತಾಯಿಯ ಕೆಲಸವೇ.

ಮಿಕ್ಕಿದ್ದು ನಿಮ್ಮ ಕೈಯಲ್ಲಿಲ್ಲ. ಅವಳು ಹೂಂ ಅಂತಾಳಾ, ಇಲ್ಲ ಅಂತಾಳಾ, ಎಲ್ಲಿ ಬಾಳುತ್ತಾಳೆ, ಯಾರ ಜೊತೆ. ಅದು ಮೊದಲೂ ನಿಮ್ಮ ಕೈಯಲ್ಲಿರಲಿಲ್ಲ.

ಇವತ್ತೇ ಅವಳಿಗೆ ಹೇಳಿ. ಯಜಮಾನರಿಂದ ಹೇಳಿಸಬೇಡಿ, ಪಾಸ್ಟರ್ ಮೂಲಕ ಹೇಳಿಸಬೇಡಿ, ‘ಕನಸಿನಲ್ಲಿ ದೇವರು ತೋರಿಸಿದ’ ಅಂತಂತೂ ಹೇಳಲೇಬೇಡಿ. (ಈ ಕೊನೆಯದನ್ನು ಯಾಕೆ ಹೇಳುತ್ತೇನೆ ಅಂದರೆ, ಒಳ್ಳೆಯ ತಾಯಂದಿರೇ ಹಾಗೆ ಮಾಡಿದ್ದನ್ನು ಕಂಡಿದ್ದೇನೆ.) ‘ನಿನ್ನನ್ನು ಕೇಳದೆ ಮಾತು ಕೊಟ್ಟೆ, ತಪ್ಪಾಯಿತು’ ಅಂತ ಮೊದಲು ಹೇಳಿ. ಹುಡುಗನ ಗುಣಗಾನ ಆಮೇಲೆ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ಅಳಬೇಡಿ. ನೀವು ಅತ್ತರೆ ಅವಳು ನಿಮ್ಮನ್ನು ಸಮಾಧಾನ ಮಾಡಲು ಹೂಂ ಅಂದುಬಿಡುತ್ತಾಳೆ, ಅದು ಆಡಿನ ಚರ್ಮ ಸುತ್ತಿದ್ದಕ್ಕಿಂತ ಬೇರೆ ಏನೂ ಅಲ್ಲ. ಅವಳು ಕೆಲವು ದಿನ ಸುಮ್ಮನಿದ್ದರೆ ನೀವೂ ಆ ಸೇವಕನ ಹಾಗೆ ಸುಮ್ಮನೆ ನೋಡುತ್ತಾ ಇರಿ. ಯಾರಿಗೆ ಗೊತ್ತು, ಹುಡುಗನನ್ನು ಒಂದು ಸಲ ನೋಡುತ್ತೇನೆ ಅಂದರೂ ಅಂದಾಳು. ಜರ್ಮನಿಗೆ ಬರುತ್ತೀಯಾ ಅಂತ ಅವನನ್ನೇ ಕೇಳಿದರೂ ಕೇಳಿಯಾಳು.

‘ಇಲ್ಲ’ ಅಂದರೆ ಗಂಡಿನ ಮನೆಗೆ ಫೋನ್ ಮಾಡಿ ಮುಗಿಸಬೇಡಿ. ಮುಖ ತೋರಿಸಿ ಹೇಳಬೇಕಾದ ಮಾತು ಅದು. ಅವರ ತಪ್ಪೇನೂ ಇಲ್ಲ, ಹುಡುಗಿಯಲ್ಲಿ ಕೊರತೆ ಅಂತಲೂ ಅಲ್ಲ, ನಾನೇ ಕೇಳದೆ ಒಪ್ಪಿದೆ ಅಂತ ನೇರವಾಗಿ ಹೇಳಿಬಿಡಿ. ಅವರು ಎರಡು ಮಾತು ಅಂದರೆ ಕೇಳಿಸಿಕೊಳ್ಳಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಟಿವಿ ಆರಿಸಿಯೇ ಹೊರಡಬೇಕು ಅಂತ ಹೇಳಿ.